ಊಟ ಹೊಟ್ಟೆಯಲ್ಲೇ ಕೂತಿರುತ್ತದೆ, ಇನ್ಸುಲಿನ್ ಮಾತ್ರ ಕೆಲಸ ಶುರು ಮಾಡಿರುತ್ತದೆ: ಗ್ಯಾಸ್ಟ್ರೋಪರೇಸಿಸ್ ಇದ್ದು ಪಂಪ್ ಬಳಸುವವರು ಬೋಲಸ್ ಹೇಗೆ ಕೊಡುತ್ತೀರಿ?

ಕಾಫಿತೋಟ, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ನನಗೆ ಐದನೇ ಕ್ಲಾಸಿನಲ್ಲಿದ್ದಾಗ ಟೈಪ್ 1 ಡಯಾಬಿಟಿಸ್ ಬಂತು. ಈಗ ವಯಸ್ಸು 38. ಇನ್ಸುಲಿನ್ ಪಂಪ್ ಹಾಕಿಸಿಕೊಂಡು ಕೆಲವು ವರ್ಷಗಳಾದವು. ದಿನವಿಡೀ ಚೂರುಚೂರೇ ಹೋಗುವ ಇನ್ಸುಲಿನ್ ಬೇಸಲ್, ಊಟಕ್ಕೆಂದು ಒತ್ತಿ ಕೊಡುವುದು ಬೋಲಸ್. ಕಾರ್ಬ್ (ಊಟದ ಪಿಷ್ಟ, ಸಕ್ಕರೆ) ಲೆಕ್ಕ ಹಾಕಿ ಊಟ ಮಾಡುವುದು ನನಗೆ ಹೊಸದಲ್ಲ. 10 ಗ್ರಾಂ ಕಾರ್ಬ್‌ಗೆ 1 ಯೂನಿಟ್, ಈ ಲೆಕ್ಕದಲ್ಲೇ ಚೆನ್ನಾಗಿ ನಡೆದಿತ್ತು.

ಈಚೆಗೆ ಅದೇ ಲೆಕ್ಕ ಕೈ ಕೊಡುತ್ತಿದೆ. ಮಧ್ಯಾಹ್ನ ಒಂದೂವರೆಗೆ ಶುಗರ್ 130 ಇದ್ದಾಗ ಊಟಕ್ಕೆ ಕೂರುತ್ತೇನೆ. ಎರಡೂಕಾಲಿಗೆ ಮೈಗೆ ಅಂಟಿಸಿದ ಶುಗರ್ ಸೆನ್ಸರ್ 62 ಎನ್ನುತ್ತದೆ, ಬಾಣ ಕೆಳಮುಖ. ಹೊಟ್ಟೆ ಬಿರಿಯುವಷ್ಟು ತುಂಬಿರುತ್ತದೆ, ಆದರೂ ಕೈ ನಡುಗುತ್ತಿರುತ್ತದೆ. ಸಂಜೆ ಆರಕ್ಕೆ ಬಾಯಿಗೆ ಏನೂ ಹಾಕಿರುವುದಿಲ್ಲ, ಶುಗರ್ ಮಾತ್ರ 290. ಬೆಳಿಗ್ಗೆ ಏಳುವಾಗ ಹಿಂದಿನ ರಾತ್ರಿಯ ಸಾರಿನ ತೇಗು ಬರುತ್ತದೆ.

ಮೊದಲು ಎಂಡೋಸ್ಕೋಪಿ ಮಾಡಿ, ಒಳಗೆ ಎಲ್ಲೂ ಅಡ್ಡಿ ಇಲ್ಲ ಎಂದರು. ಆಮೇಲೆ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್ ಆಯಿತು. ಚೂರು ವಿಕಿರಣ ವಸ್ತು ಬೆರೆಸಿದ ಇಡ್ಲಿ ತಿನ್ನಿಸಿ, ನಾಲ್ಕು ಗಂಟೆಗಳ ಕಾಲ ಆಗಾಗ ಫೋಟೋ ತೆಗೆಯುತ್ತಾರೆ. ನಾಲ್ಕನೇ ಗಂಟೆಗೆ ಹೊಟ್ಟೆಯಲ್ಲಿ ಶೇ 10ಕ್ಕಿಂತ ಜಾಸ್ತಿ ಉಳಿಯಬಾರದಂತೆ. ನನ್ನದು ಶೇ 36 ಉಳಿದಿತ್ತು. ಹೆಸರು ಗ್ಯಾಸ್ಟ್ರೋಪರೇಸಿಸ್, ಅಂದರೆ ಹೊಟ್ಟೆ ಬಹಳ ನಿಧಾನವಾಗಿ ಖಾಲಿಯಾಗುವ ಕಾಯಿಲೆ. ಡಾಕ್ಟರು "ಪಂಪ್ ಇದೆಯಲ್ಲ, ಬೋಲಸ್ ಹರಡಿ ಕೊಡಿ, ಸರಿಹೋಗುತ್ತದೆ" ಅಂದರು. ಎಷ್ಟು ಹರಡುವುದು, ಯಾವಾಗ ಶುರು ಮಾಡುವುದು, ಲೋ ಆದರೆ, ಅಂದರೆ ಶುಗರ್ ತೀರಾ ಇಳಿದರೆ, ಏನು ತಿನ್ನುವುದು? ಇದನ್ನು ದಿನಾ ಬದುಕುವವರಿಂದ ಕೇಳಬೇಕು ಅನ್ನಿಸಿತು.

ಚಾಮುಂಡಿಬೆಟ್ಟ, ಮೈಸೂರು:

ಮೇಡಂ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ಹೊತ್ತು. ದಯವಿಟ್ಟು ಸದ್ಯಕ್ಕೆ ಕಾರ್ಬ್ ರೇಷಿಯೋ ಮುಟ್ಟಬೇಡಿ. ಬಹಳ ಜನ ಎರಡೂಕಾಲಿನ ಲೋ ನೋಡಿ ಇನ್ಸುಲಿನ್ ಕಡಿಮೆ ಮಾಡುತ್ತಾರೆ, ಸಂಜೆಯ 290 ನೋಡಿ ಜಾಸ್ತಿ ಮಾಡುತ್ತಾರೆ. ವಾರಗಟ್ಟಲೆ ಹೀಗೆ ಜಗ್ಗಾಡಿದ ಮೇಲೆ ಮೂಲ ಲೆಕ್ಕವೇ ಕಳೆದುಹೋಗುತ್ತದೆ.

ನಾವು ಪಂಪಿಗೆ ತುಂಬುವ ನೋವೋರಾಪಿಡ್, ಹ್ಯೂಮಲಾಗ್‌ನಂಥ ಇನ್ಸುಲಿನ್ ಹತ್ತು ಹದಿನೈದು ನಿಮಿಷಕ್ಕೆ ಕೆಲಸ ಶುರು ಮಾಡುತ್ತದೆ. ಒಂದರಿಂದ ಒಂದೂವರೆ ಗಂಟೆಗೆ ಅದರ ಜೋರು. ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತದೆ. ನಿಮ್ಮ ಅನ್ನ ಹೊಟ್ಟೆಯಿಂದ ಕರುಳಿಗೆ ಇಳಿಯುವುದೇ ಎರಡು ಗಂಟೆಯ ಮೇಲೆ. ಇನ್ಸುಲಿನ್ ಜೋರಾಗಿರುವಾಗ ರಕ್ತಕ್ಕೆ ಸಕ್ಕರೆ ಬಂದಿರುವುದಿಲ್ಲ. ಸಕ್ಕರೆ ಬರುವಾಗ ಇನ್ಸುಲಿನ್ ಮುಗಿದಿರುತ್ತದೆ. ಈ ಕಾರಣಕ್ಕೇ ಫಿಯಾಸ್ಪ್‌ನಂಥ ಇನ್ನೂ ಬೇಗ ಕೆಲಸ ಮಾಡುವ ಇನ್ಸುಲಿನ್ ನಮ್ಮಂಥವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ.

ನನ್ನದು ಮೆಡ್‌ಟ್ರಾನಿಕ್‌ನ ಹಳೆಯ ಮಾಡೆಲ್. ಅದರಲ್ಲಿ ಸ್ಕ್ವೇರ್ ವೇವ್, ಡ್ಯುಯಲ್ ವೇವ್ ಎರಡೂ ಇವೆ. ಸ್ಕ್ವೇರ್ ಅಂದರೆ ಪೂರ್ತಿ ಬೋಲಸ್ ಅನ್ನು ನೀವು ಹೇಳಿದಷ್ಟು ಹೊತ್ತಿಗೆ ಸಮನಾಗಿ ಹರಡುತ್ತದೆ. ಅರ್ಧ ಗಂಟೆಯಿಂದ ಎಂಟು ಗಂಟೆವರೆಗೂ ಇಡಬಹುದು. ಡ್ಯುಯಲ್ ಅಂದರೆ ಒಂದು ಪಾಲು ಈಗಲೇ, ಉಳಿದದ್ದು ಹರಡಿ. ಬೇರೆ ಕಂಪನಿಯ ಪಂಪುಗಳಲ್ಲಿ ಇದನ್ನೇ ಎಕ್ಸ್‌ಟೆಂಡೆಡ್, ಕಾಂಬೋ ಎನ್ನುತ್ತಾರೆ.

ಉದಾಹರಣೆಗೆ 45 ಗ್ರಾಂ ಕಾರ್ಬ್‌ನ ಊಟ, ನಿಮ್ಮ ರೇಷಿಯೋಗೆ 4.5 ಯೂನಿಟ್. ನಾನಾಗಿದ್ದರೆ ಶೇ 20 ಈಗ, ಶೇ 80 ಮೂರೂವರೆ ಗಂಟೆಗೆ ಹರಡಿ ಎಂದು ಇಡುತ್ತೇನೆ. ಅಂದರೆ 0.9 ಯೂನಿಟ್ ತಕ್ಷಣ, 3.6 ಯೂನಿಟ್ ಗಂಟೆಗೆ ಒಂದರ ಲೆಕ್ಕದಲ್ಲಿ ನಿಧಾನವಾಗಿ. ಊಟಕ್ಕೆ ಮುಂಚೆ ಶುಗರ್ ನೂರರ ಆಸುಪಾಸು ಇದ್ದರೆ ಆ 0.9 ಕೂಡ ಬಿಡುತ್ತೇನೆ. ಉಂಡು ಅರ್ಧ ಗಂಟೆಯಾದ ಮೇಲೆ ಪೂರ್ತಿ ಸ್ಕ್ವೇರ್ ಹಾಕುತ್ತೇನೆ. ಈ ಅಂಕಿಗಳು ನನ್ನ ಹೊಟ್ಟೆಯವು. ನಿಮ್ಮದನ್ನು ನಿಮ್ಮ ಡಾಕ್ಟರ ಜೊತೆ ಕೂತು ಹುಡುಕಬೇಕು.

ಹುಡುಕುವ ದಾರಿ ಹೀಗೆ. ರಜೆಯ ದಿನ ಒಂದೇ ಬಗೆಯ ತಿಂಡಿ ತಿನ್ನಿ. ನಾನು ಇಡ್ಲಿ, ನೀರಾದ ಸಾಂಬಾರ್ ಇಟ್ಟುಕೊಂಡಿದ್ದೆ. ಗ್ರಾಫಿನ ಗೆರೆ ಯಾವ ಹೊತ್ತಿಗೆ ಮೇಲೆ ಬಾಗಲು ಶುರುವಾಗುತ್ತದೆ, ಎಲ್ಲಿ ತುದಿ ಮುಟ್ಟುತ್ತದೆ ಎಂದು ಬರೆದಿಡಿ. ಬೇರೆ ಬೇರೆ ದಿನ ಅದೇ ತಿಂಡಿಗೆ ನೋಡಿ. ಒಂದು ದಿನದ ಗ್ರಾಫ್ ನಂಬಬೇಡಿ, ಏಕೆಂದರೆ ಈ ಕಾಯಿಲೆಯಲ್ಲಿ ಹೊಟ್ಟೆ ದಿನಕ್ಕೊಂದು ಥರ ನಡೆದುಕೊಳ್ಳುತ್ತದೆ.

ಹರಡುವುದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಇಂಜೆಕ್ಷನ್‌ನಲ್ಲಿ ಕೊಟ್ಟ ಇನ್ಸುಲಿನ್ ವಾಪಸ್ ಬರುವುದಿಲ್ಲ. ಉಂಡು ಒಂದು ಗಂಟೆಗೆ ವಾಂತಿಯಾದರೆ, ಪಂಪಿನಲ್ಲಿ ಇನ್ನೂ ಹೋಗದೆ ಉಳಿದ ಸುಮಾರು 2.6 ಯೂನಿಟ್ ಅನ್ನು ಅಲ್ಲೇ ನಿಲ್ಲಿಸಬಹುದು. ಪಂಪಿಗಾಗಿ ನಾನು ಇಷ್ಟು ದುಡ್ಡು ಹಾಕಿದ್ದು ಸಾರ್ಥಕ ಅನ್ನಿಸಿದ್ದು ಇದೊಂದಕ್ಕೆ.

ನೇತ್ರಾವತಿ, ಮಂಗಳೂರು:

ನಾನು ಡಯಟೀಷಿಯನ್. ಬೋಲಸ್ ಬಗ್ಗೆ ಮೈಸೂರಿನವರು ಚೆನ್ನಾಗಿ ಬರೆದಿದ್ದಾರೆ. ನಾನು ತಟ್ಟೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಊಟ ಹೊಟ್ಟೆಯಿಂದ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುವಂತೆ ಮಾಡಿದರೆ ಬೋಲಸ್ ಅರ್ಧ ಸುಲಭವಾಗುತ್ತದೆ.

ಹೊಟ್ಟೆಯ ಕೆಳಭಾಗ ರುಬ್ಬುವ ಕಲ್ಲಿನ ಹಾಗೆ. ಗಟ್ಟಿ ಆಹಾರವನ್ನು ಒಂದೆರಡು ಮಿಲಿಮೀಟರ್ ಚೂರಾಗುವ ತನಕ ಅರೆದು, ಆಮೇಲೆ ಕರುಳಿಗೆ ಬಿಡುತ್ತದೆ. ವರ್ಷಗಟ್ಟಲೆ ಶುಗರ್ ಏರಿಳಿದು ಹೊಟ್ಟೆಯನ್ನು ನಡೆಸುವ ವೇಗಸ್ ನರ, ಹೊಟ್ಟೆಗೆ ತಾಳ ಹಾಕುವ ಕಜಾಲ್ ಜೀವಕೋಶಗಳು ಪೆಟ್ಟು ತಿಂದರೆ ಆ ಅರೆಯುವಿಕೆ ಸೋಲುತ್ತದೆ. ನೀರಾದ ಆಹಾರಕ್ಕೆ ಅರೆಯುವ ಕೆಲಸ ಬೇಡ. ಅದು ಬಹಳ ಜನರಲ್ಲಿ ಸುಮಾರಾಗಿ ಇಳಿಯುತ್ತದೆ. ಆದ್ದರಿಂದ ಅರೆಯುವ ಕೆಲಸ ಮಿಕ್ಸಿಯಲ್ಲಿ, ಬಾಯಿಯಲ್ಲಿ ಮೊದಲೇ ಮುಗಿದಿರಬೇಕು.

ಇಲ್ಲೊಂದು ತೊಡಕಿದೆ. ಡಯಾಬಿಟಿಸ್ ಇರುವವರಿಗೆ ನಾವು ಯಾವಾಗಲೂ ಹೇಳುವ ಸಲಹೆ ಇಲ್ಲಿ ತಿರುಗುಮುರುಗು. ಮೊಳಕೆ ಕಾಳು, ಹಸಿ ತರಕಾರಿ, ಕೋಸಂಬರಿ, ಸಿಪ್ಪೆ ಸಮೇತ ಹಣ್ಣು, ನಾರಿನ ಸೊಪ್ಪು, ನುಗ್ಗೆಕಾಯಿ, ಇವೆಲ್ಲ ಬೇರೆಯವರಿಗೆ ಒಳ್ಳೆಯದು. ಗ್ಯಾಸ್ಟ್ರೋಪರೇಸಿಸ್ ಇರುವವರಿಗೆ ಇವು ಹೊಟ್ಟೆಯಲ್ಲೇ ಕೂರುತ್ತವೆ. ಕೆಲವರಲ್ಲಿ ನಾರು ಗಂಟು ಕಟ್ಟಿಕೊಂಡು ಬಿಜೋರ್ ಎಂಬ ಉಂಡೆಯೇ ಆಗುತ್ತದೆ.

ಮುದ್ದೆಯ ವಿಷಯ ತುಂಬಾ ಜನ ಕೇಳುತ್ತಾರೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆ ತುತ್ತು ಹಾಗೇ ಹೋಗಿ ಕೂರುತ್ತದೆ. ರಾಗಿ ಬೇಕೇ ಬೇಕು ಅಂದರೆ ಜರಡಿ ಹಿಡಿದ ಹಿಟ್ಟಿನಲ್ಲಿ ತೆಳ್ಳಗೆ ಅಂಬಲಿ ಕಾಯಿಸಿ. ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿಯಲ್ಲಿ ಅಗುಳು ಗಟ್ಟಿ. ಬೆಳ್ತಿಗೆ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಕಿವುಚಿದರೆ ಸುಲಭ. ಕಡಕ್ ರೊಟ್ಟಿ ತಿನ್ನುವವರು ಸಾರಿನಲ್ಲಿ ನೆನೆಸಿ ಪೂರ್ತಿ ಮೆತ್ತಗಾದ ಮೇಲೆ ತಿನ್ನಿ. ಅವರೆಕಾಯಿ ಕಾಲದಲ್ಲಿ ಬಾಯಿ ಕಟ್ಟಿಕೊಳ್ಳುವುದು ಕಷ್ಟ, ಅಲ್ವಾ? ಹಿತಕಿದ ಬೇಳೆ ಮಾಡಿಸಿ, ಸಿಪ್ಪೆ ಹೋಗಿರುತ್ತದೆ. ಚೆನ್ನಾಗಿ ಬೇಯಿಸಿ, ನುಣ್ಣಗೆ ರುಬ್ಬಿ, ಸ್ವಲ್ಪ ಹಾಕಿಕೊಳ್ಳಿ. ಸೋರೆಕಾಯಿ, ಸಿಪ್ಪೆ ತೆಗೆದ ಹೀರೆಕಾಯಿ, ಸಿಹಿಗುಂಬಳ, ಕ್ಯಾರೆಟ್ ಎಲ್ಲವೂ ಬೆಂದು ಕಿವುಚಿದ ರೂಪದಲ್ಲಿ ಆಗಬಹುದು.

ಎಣ್ಣೆ, ತುಪ್ಪ, ಕೊಬ್ಬರಿ ಜಾಸ್ತಿಯಾದರೆ ಹೊಟ್ಟೆ ಇನ್ನೂ ನಿಧಾನ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಮಾಡಿ. ಸೋಡಾ ಬೇಡ. ಉಂಡ ತಕ್ಷಣ ಮಲಗಬೇಡಿ, ಅಂಗಳದಲ್ಲೇ ಒಂದಷ್ಟು ಹೊತ್ತು ಅಡ್ಡಾಡಿ. ರಾತ್ರಿ ಊಟ ಬೇಗ, ಅದೂ ನೀರಾಗಿ.

ಅಜ್ಜಿಮನೆ, ತುಮಕೂರು:

ನಮ್ಮ ತಾಯಿಗೂ ಶುಗರ್. ದಿನಾ ರಾತ್ರಿ ಮೆಂತ್ಯ ನೆನೆಸಿ ಬೆಳಿಗ್ಗೆ ತಿನ್ನುತ್ತಾರೆ, ಬಹಳ ಅನುಕೂಲವಾಗಿದೆ. ನೀವೂ ನೋಡಿ ಮೇಡಂ. ಜೀರಿಗೆ ನೀರು, ಶುಂಠಿ ಕಷಾಯ ಕೂಡ ಜೀರ್ಣಕ್ಕೆ ಒಳ್ಳೆಯದು.

ನೇತ್ರಾವತಿ, ಮಂಗಳೂರು:

ನಿಮ್ಮ ಕಾಳಜಿಗೆ ಧನ್ಯವಾದ. ನಿಮ್ಮ ತಾಯಿಗೆ ಮೆಂತ್ಯ ಅನುಕೂಲವಾಗುವುದಕ್ಕೂ ಇವರಿಗೆ ಅದು ಆಗದಿರುವುದಕ್ಕೂ ಕಾರಣ ಒಂದೇ. ಮೆಂತ್ಯದ ನಾರು ನೀರು ಹೀರಿ ಲೋಳೆಯಾಗಿ, ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. ನಿಮ್ಮ ತಾಯಿಯ ಹೊಟ್ಟೆ ಮಾಮೂಲಿ ವೇಗದ್ದು, ಅಲ್ಲಿ ನಿಧಾನವಾದರೆ ಶುಗರ್ ತಟ್ಟನೆ ಏರುವುದಿಲ್ಲ. ಇವರ ಹೊಟ್ಟೆ ಈಗಾಗಲೇ ನಿಧಾನ. ಅದಕ್ಕೆ ಮೆಂತ್ಯ ಬೇಡ. ಜೀರಿಗೆ ನೀರು, ತೆಳು ಶುಂಠಿ ಕಷಾಯ ಕುಡಿಯಲಿ, ಸಕ್ಕರೆ ಬೆಲ್ಲ ಹಾಕಿದ್ದರೆ ಕಾರ್ಬ್ ಲೆಕ್ಕಕ್ಕೆ ಸೇರಿಸಲಿ.

ಮಲಪ್ರಭಾ, ಹುಬ್ಬಳ್ಳಿ:

ನಮಸ್ಕಾರರೀ. ನನ್ನ ಮಗಳಿಗೆ 24 ವರ್ಷ, ಚಿಕ್ಕಂದಿನಿಂದ ಟೈಪ್ 1. ಈ ವರ್ಷ ಅವಳಿಗೂ ಇದೇ ತೊಂದರೆ ಗೊತ್ತಾಗಿದೆ. ಅವಳದು ಮೆಡ್‌ಟ್ರಾನಿಕ್ 780ಜಿ, ತಾನೇ ಇನ್ಸುಲಿನ್ ಹೊಂದಿಸುವ ಪಂಪ್. ಅದರಲ್ಲಿ ಸ್ಕ್ವೇರ್, ಡ್ಯುಯಲ್ ಹುಡುಕಿದರೆ ಸಿಗುತ್ತಿಲ್ಲ. ಸೆಟ್ಟಿಂಗ್ ತಪ್ಪಿದೆಯೋ ಏನೋ ಅಂತ ಕೇಳುತ್ತಿದ್ದೇನೆ.

ಚಾಮುಂಡಿಬೆಟ್ಟ, ಮೈಸೂರು:

ಅಣ್ಣಾ, ಸೆಟ್ಟಿಂಗ್ ತಪ್ಪಿಲ್ಲ. ಸ್ಮಾರ್ಟ್‌ಗಾರ್ಡ್ ಆಟೋ ಮೋಡ್‌ನಲ್ಲಿ ಸ್ಕ್ವೇರ್, ಡ್ಯುಯಲ್ ಇರುವುದಿಲ್ಲ. ಮ್ಯಾನುಯಲ್ ಮೋಡ್‌ಗೆ ಬಂದರೆ ಮಾತ್ರ ಸಿಗುತ್ತವೆ. ಆಟೋದಲ್ಲಿ ಪಂಪ್ ಐದು ನಿಮಿಷಕ್ಕೊಮ್ಮೆ ಸೆನ್ಸರ್ ನೋಡಿ ತಾನೇ ಕೊಡುತ್ತದೆ, ತಾನೇ ನಿಲ್ಲಿಸುತ್ತದೆ. ನಿಧಾನ ಹೊಟ್ಟೆಯವರಿಗೆ ಅದೂ ಒಂದು ಥರ ಹರಡಿದ ಹಾಗೇ.

ನನ್ನ ತಂಗಿ ಅದನ್ನೇ ಬಳಸುತ್ತಾಳೆ, ಅವಳಿಗೂ ಸ್ವಲ್ಪ ಇದೇ ತೊಂದರೆ. ಅವಳು ಕಾರ್ಬ್ ಅನ್ನು ಎರಡು ಕಂತಿನಲ್ಲಿ ನಮೂದಿಸುತ್ತಾಳೆ. 40 ಗ್ರಾಂ ಊಟಕ್ಕೆ ಮೊದಲು 10 ಅಥವಾ 15, ಉಳಿದದ್ದು ಸೆನ್ಸರ್ ಮೇಲೇಳಲು ಶುರುವಾದಾಗ. ಆದರೆ ಎರಡನೇ ಕಂತನ್ನು ಪೂರ್ತಿ ಹಾಕುವುದಿಲ್ಲ. ಅಷ್ಟು ಹೊತ್ತಿಗೆ ಪಂಪ್ ತಾನೇ ಏರಿಕೆ ಕಂಡು ಒಂದಷ್ಟು ಇನ್ಸುಲಿನ್ ಕೊಟ್ಟಾಗಿರುತ್ತದೆ. ಅದರ ಮೇಲೆ ಪೂರ್ತಿ ಹಾಕಿದರೆ ಇನ್ಸುಲಿನ್ ಮೇಲೆ ಇನ್ಸುಲಿನ್ ಪೇರಿಸಿದ ಹಾಗೆ, ಎರಡು ಗಂಟೆಯ ನಂತರ ಲೋ ಖಂಡಿತ. ವಾಕರಿಕೆ ಇರುವ ದಿನ ಟೆಂಪ್ ಟಾರ್ಗೆಟ್ (ಸ್ವಲ್ಪ ಹೊತ್ತಿನ ಶುಗರ್ ಗುರಿ) 150 ಇಟ್ಟುಬಿಡುತ್ತಾಳೆ. ಅದು ಇದ್ದಾಗ ಏರಿದ ಶುಗರ್ ಇಳಿಸುವ ಕರೆಕ್ಷನ್ ಬೋಲಸ್ ಅನ್ನು ಪಂಪ್ ತಾನಾಗಿ ಕೊಡುವುದಿಲ್ಲ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ:

ನನ್ನದು ಟ್ಯಾಂಡೆಮ್ ಕಂಪನಿಯ ಪಂಪ್. ತಾನೇ ಇನ್ಸುಲಿನ್ ಹೊಂದಿಸುವ ಕಂಟ್ರೋಲ್-ಐಕ್ಯೂ ಆನ್ ಇದ್ದಾಗ ನನ್ನ ಪಂಪಿನಲ್ಲಿ ಬೋಲಸ್ ಅನ್ನು ಎರಡು ಗಂಟೆಗಿಂತ ಜಾಸ್ತಿ ಹರಡಲು ಆಗುವುದಿಲ್ಲ. ಆದ್ದರಿಂದ ಒಂದು ಎರಡು-ಗಂಟೆಯದು ಮುಗಿದ ಮೇಲೆ, ಸೆನ್ಸರ್ ನೋಡಿ, ಬೇಕಿದ್ದರೆ ಇನ್ನೊಂದು ಸಣ್ಣದು ಹಾಕುತ್ತೇನೆ. ಆಮ್ನಿಪಾಡ್ 5 ಬಳಸುವ ಗೆಳೆಯರೊಬ್ಬರಿಗೆ ಆಟೋ ಮೋಡ್‌ನಲ್ಲಿ ಹರಡುವ ಆಯ್ಕೆಯೇ ಇಲ್ಲ. ಹೊಸ ಪಂಪ್ ತೆಗೆದುಕೊಳ್ಳುವವರು ಇದನ್ನು ಮೊದಲೇ ಕೇಳಿ. ಲಕ್ಷಗಟ್ಟಲೆ ಕೊಟ್ಟ ಮೇಲೆ ಗೊತ್ತಾಗುವುದಕ್ಕಿಂತ ಅಂಗಡಿಯಲ್ಲೇ ಗೊತ್ತಾಗುವುದು ಮೇಲು.

ಔಷಧಿಯ ಬಗ್ಗೆ ಒಂದು ಮಾತು. ಹೊಟ್ಟೆಯನ್ನು ಚುರುಕಾಗಿಸುವ ಡಾಂಪೆರಿಡೋನ್‌ಗೆ ಅಮೆರಿಕದಲ್ಲಿ ಅನುಮತಿ ಇಲ್ಲ. ಇಲ್ಲಿ ನಮಗೆ ಕೊಡುವುದು ಮೆಟೋಕ್ಲೋಪ್ರಮೈಡ್. ಅದರ ಡಬ್ಬಿಯ ಮೇಲೆ ದೊಡ್ಡ ಎಚ್ಚರಿಕೆ ಇದೆ: 12 ವಾರಕ್ಕಿಂತ ಹೆಚ್ಚು ಬಳಸಿದರೆ ಮುಖ, ನಾಲಗೆ ತಾವಾಗಿಯೇ ಅಲುಗುವ ತೊಂದರೆ ಬರಬಹುದು, ಬಂದರೆ ಹೋಗದೆಯೂ ಇರಬಹುದು. ಊರಿಗೆ ಬಂದಾಗ ನೋಡಿದರೆ ಡಾಂಪೆರಿಡೋನ್ ಸೇರಿದ ಗ್ಯಾಸ್ ಮಾತ್ರೆಯನ್ನು ಜನ ಚೀಟಿ ಇಲ್ಲದೆ ವರ್ಷಗಟ್ಟಲೆ ನುಂಗುತ್ತಾರೆ. ನನಗೆ ನಿಜವಾಗಿಯೂ ಭಯವಾಗುತ್ತದೆ.

ಜನರಲ್ ವಾರ್ಡ್, ದಾವಣಗೆರೆ:

ನಾನು ಫಿಸಿಷಿಯನ್. ಎಡಿಸನ್‌ನವರ ಭಯ ಸರಿಯಾದದ್ದೇ. ಡಾಂಪೆರಿಡೋನ್ ಹೃದಯದ ಬಡಿತದ ಲಯ ಕೆಡಿಸಬಹುದು, ಇಸಿಜಿ ನೋಡಿಯೇ ಕೊಡಬೇಕು. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಜೊತೆ ಬೆರೆಸಬಾರದು. ಲೆವೋಸಲ್ಪಿರೈಡ್ ಸೇರಿದ ಗ್ಯಾಸ್ ಕ್ಯಾಪ್ಸೂಲ್ ನಮ್ಮಲ್ಲಿ ಬಹಳ ಓಡುತ್ತದೆ. ಬಹಳ ದಿನ ತೆಗೆದುಕೊಂಡರೆ ಕೈ ನಡುಕ, ಮೈ ಬಿಗಿತ ಬರುವವರಿದ್ದಾರೆ. ಯಾವುದನ್ನೂ ಸುಮ್ನೆ ಅಂಗಡಿಯಿಂದ ತರಬೇಡಿ. ತೂಕ ಇಳಿಸಲು ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅದೂ ಹೊಟ್ಟೆ ನಿಧಾನ ಮಾಡುತ್ತದೆ. ಥೈರಾಯ್ಡ್ ಕೂಡ ನೋಡಿಸಿ.

ಆದರೆ ನಾನು ಬರೆಯಲು ಕೂತಿದ್ದು ವಾಂತಿಯ ಬಗ್ಗೆ. ದಯವಿಟ್ಟು ನಿಧಾನವಾಗಿ ಓದಿ.

ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ದಿನವಿಡೀ ಇರುವ ಉದ್ದ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ. ಚರ್ಮದೊಳಗಿನ ಸಣ್ಣ ನಳಿಕೆ (ಕ್ಯಾನುಲಾ) ಮಡಚಿಕೊಂಡರೆ, ಸೈಟ್ ಕಿತ್ತು ಬಂದರೆ, ಟ್ಯೂಬಿನಲ್ಲಿ ಗಾಳಿ ಸೇರಿದರೆ, ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ರಕ್ತಕ್ಕೆ ಸೇರುವ ಆಮ್ಲ) ಏರುತ್ತದೆ. ಕೀಟೋನ್ ಏರಿದಾಗ ಮೊದಲು ಕಾಣುವುದು ಏನು? ವಾಕರಿಕೆ, ಹೊಟ್ಟೆ ನೋವು, ವಾಂತಿ. ಗ್ಯಾಸ್ಟ್ರೋಪರೇಸಿಸ್‌ನಲ್ಲಿ ಕಾಣುವುದೂ ಅದೇ. ಈ ಕಾಯಿಲೆ ಇರುವವರು ಮತ್ತು ಅವರ ಮನೆಯವರು ವಾಂತಿಗೆ ಒಗ್ಗಿಹೋಗಿರುತ್ತಾರೆ. "ಇದು ಯಾವಾಗಲೂ ಇರುವುದೇ" ಎಂದು ಮಲಗಿಬಿಡುತ್ತಾರೆ. ಎಚ್ಚರ ತಪ್ಪಿದ ಮೇಲೆ ನಮ್ಮ ವಾರ್ಡಿಗೆ ಬರುತ್ತಾರೆ.

ಆದ್ದರಿಂದ ಪ್ರತಿ ವಾಂತಿಗೂ ಕೀಟೋನ್ ನೋಡಿ. ರಕ್ತದ ಕೀಟೋನ್ ಮೀಟರ್ ಇದ್ದರೆ ಉತ್ತಮ. 0.6ರ ಒಳಗಿದ್ದರೆ ಚಿಂತೆ ಇಲ್ಲ. 1.5 ದಾಟಿತು, ವಾಂತಿಯೂ ನಿಲ್ಲುತ್ತಿಲ್ಲ ಅಂದರೆ ಆಸ್ಪತ್ರೆಗೆ ಹೊರಡಿ. 3 ದಾಟಿದರೆ ತುರ್ತು, ಒಂದು ನಿಮಿಷವೂ ಕಾಯಬೇಡಿ. ಮೀಟರ್ ಇಲ್ಲದಿದ್ದರೆ ಮೂತ್ರದ ಪಟ್ಟಿಯಾದರೂ ಮನೆಯಲ್ಲಿರಲಿ. ಶುಗರ್ 250 ದಾಟಿ ಕೀಟೋನ್ ಇದ್ದರೆ ಕರೆಕ್ಷನ್ ಅನ್ನು ಪಂಪಿನಿಂದ ಕೊಡಬೇಡಿ. ಪಂಪೇ ಕೆಟ್ಟಿರಬಹುದು. ಪೆನ್ ಅಥವಾ ಸಿರಿಂಜಿನಲ್ಲಿ ಕೊಟ್ಟು, ಸೆಟ್ ಬದಲಿಸಿ, ಹೊಸ ಜಾಗದಲ್ಲಿ ಹಾಕಿ.

ಶುಗರ್ 180 ಇದೆ, ಹಾಗಾಗಿ ಕೀಟೋನ್ ಇರುವುದಿಲ್ಲ ಎಂದುಕೊಳ್ಳಬೇಡಿ. ತಿಂದದ್ದು ವಾಂತಿಯಿಂದ ಹೊಟ್ಟೆಯಲ್ಲಿ ನಿಲ್ಲದೆ, ಇನ್ಸುಲಿನ್ ಕೂಡ ನಿಲ್ಲಿಸಿದ್ದರೆ, ಶುಗರ್ ಅಷ್ಟೇನೂ ಏರದೆ ಕೀಟೋನ್ ಏರಬಹುದು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಮೈಸೂರಿನವರು ಹೇಳಿದಂತೆ ಹರಡಿದ ಬೋಲಸ್ ನಿಲ್ಲಿಸಿ, ಆದರೆ ಬೇಸಲ್ ಅನ್ನು ಗಂಟೆಗಟ್ಟಲೆ ನಿಲ್ಲಿಸಬೇಡಿ. ಎರಡೂ ಬೇರೆ ಬೇರೆ ಬಟನ್.

ಕಾಫಿತೋಟ, ಚಿಕ್ಕಮಗಳೂರು:

ಡಾಕ್ಟರೇ, ಇದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಯಜಮಾನರಿಗೂ ಅತ್ತೆಗೂ ಓದಿ ಹೇಳಿದೆ. ಒಂದು ಪ್ರಶ್ನೆ ಉಳಿದಿದೆ. ಲೋ ಆದಾಗ ಹೊಟ್ಟೆ ತುಂಬಿರುತ್ತದೆ. ಏನು ಕೊಟ್ಟರೂ ಹೊಟ್ಟೆಯಲ್ಲೇ ನಿಂತರೆ ಶುಗರ್ ಹೇಗೆ ಏರುತ್ತದೆ?

ಜನರಲ್ ವಾರ್ಡ್, ದಾವಣಗೆರೆ:

ಗ್ಲೂಕೋಸ್ ಪುಡಿ ನೀರಿನಲ್ಲಿ ಕರಗಿಸಿ, 15 ಗ್ರಾಂ. ಬಿಸ್ಕತ್ತು, ಚಾಕೊಲೇಟ್, ಲಾಡು, ಬಾಳೆಹಣ್ಣು ಬೇಡವೇ ಬೇಡ. ಗಟ್ಟಿಯದು ಮೇಲೆ ಕೂತು ಮೂರು ಗಂಟೆಯ ನಂತರ ಏರುತ್ತದೆ, ಕೊಬ್ಬು ಇದ್ದರೆ ಇನ್ನೂ ತಡ. ದ್ರವವೂ ಮಾಮೂಲಿಗಿಂತ ತಡವಾಗಬಹುದು, ಆದ್ದರಿಂದ 70 ಆಗುವ ತನಕ ಕಾಯದೆ 80ರಲ್ಲಿ ಬಾಣ ಕೆಳಗಿದ್ದಾಗಲೇ ಕುಡಿಯಿರಿ. ಹರಡಿದ ಬೋಲಸ್ ಓಡುತ್ತಿದ್ದರೆ ನಿಲ್ಲಿಸಿ. 15 ನಿಮಿಷಕ್ಕೆ ಬೆರಳು ಚುಚ್ಚಿ ನೋಡಿ, ಏಕೆಂದರೆ ಶುಗರ್ ತಿರುಗುವಾಗ ಸೆನ್ಸರ್ ಸ್ವಲ್ಪ ಹಿಂದಿರುತ್ತದೆ.

ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು. ಗ್ಲುಕಗಾನ್ ಇಂಜೆಕ್ಷನ್ ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಿ, ಅದಕ್ಕೆ ಹೊಟ್ಟೆಯ ಹಂಗಿಲ್ಲ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ತರುತ್ತದೆ. ಕೊಟ್ಟ ಮೇಲೆ ವಾಂತಿಯಾಗಬಹುದು, ಒಂದು ಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ:

ರಾತ್ರಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಬೇಸಲ್ ಸರಿ ಇದೆಯಾ ಎಂದು ನೋಡಲು ನಮಗೆ ಹೇಳಿಕೊಡುವುದು ಏನು? ರಾತ್ರಿ ಬೇಗ ಉಂಡು, ಆಮೇಲೆ ಏನೂ ತಿನ್ನದೆ, ಬೆಳಗಿನ ತನಕ ಗೆರೆ ನೆಟ್ಟಗಿದೆಯಾ ನೋಡು ಅಂತ. ನಿಧಾನ ಹೊಟ್ಟೆಯವರಿಗೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಎಂಟಕ್ಕೆ ಉಂಡ ಊಟ ನಡುರಾತ್ರಿಯಲ್ಲೂ ಇಳಿಯುತ್ತಿರುತ್ತದೆ. ಗ್ರಾಫ್ ಎರಡು ಗಂಟೆಗೆ ಏರುತ್ತದೆ. ಬೇಸಲ್ ಸಾಲದು ಎಂದು ಜಾಸ್ತಿ ಮಾಡುತ್ತಾರೆ. ಗೆರೆ ನೆಟ್ಟಗಾಗುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಒಂದು ದಿನ ವಾಕರಿಕೆ ಬಂದು ರಾತ್ರಿ ಊಟ ಬಿಟ್ಟರೆ, ಅದೇ ಬೇಸಲ್ ನಿದ್ದೆಯಲ್ಲಿ ಲೋ ತರುತ್ತದೆ. ಊಟಕ್ಕೆ ಬೇಕಾದ ಇನ್ಸುಲಿನ್ ಬೇಸಲ್‌ನಲ್ಲಿ ಅಡಗಿ ಕೂತಿರುತ್ತದೆ.

ನನ್ನ ಎಂಡೋಕ್ರಿನಾಲಜಿಸ್ಟ್ ಹೇಳಿದ ದಾರಿ ಇದು. ಮಧ್ಯಾಹ್ನದ ನಂತರ ಬರೀ ತಿಳಿ ದ್ರವ ಕುಡಿದ ದಿನದ ರಾತ್ರಿ ಮಾತ್ರ ಬೇಸಲ್ ಪರೀಕ್ಷೆ ಮಾಡುವುದು. ಅದರಲ್ಲಿ ಸಿಕ್ಕಿದ್ದೇ ನಿಜವಾದ ಬೇಸಲ್. ಉಂಡ ರಾತ್ರಿಗಳಲ್ಲಿ ಏರಿಕೆ ಬಂದರೆ ಅದನ್ನು ಹರಡಿದ ಬೋಲಸ್‌ನಿಂದಲೋ, ಕೆಲವು ಗಂಟೆಯ ಟೆಂಪ್ ಬೇಸಲ್‌ನಿಂದಲೋ ಹಿಡಿಯುವುದು. ಊಟ ಬಿಟ್ಟ ರಾತ್ರಿ ಅವೆರಡೂ ಇರುವುದಿಲ್ಲ, ಬೇಸಲ್ ಮಾತ್ರ ಇರುತ್ತದೆ, ನೆಮ್ಮದಿಯಾಗಿ ಮಲಗಬಹುದು.

ಚಾಮುಂಡಿಬೆಟ್ಟ, ಮೈಸೂರು:

ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಧನ್ಯವಾದ ಸರ್. ಇದರ ಜೊತೆಗೆ ಒಂದು ಮಾತು: ಶುಗರ್ ಮೇಲಿದ್ದರೆ ಹೊಟ್ಟೆ ಇನ್ನೂ ನಿಧಾನವಾಗುತ್ತದೆ. 290 ಇರುವಾಗ ಉಂಡರೆ ಆ ಊಟ ಇನ್ನೂ ತಡ. ಹಾಗಾಗಿ ಮೇಲಿದ್ದಾಗ ಕರೆಕ್ಷನ್ ಕೊಟ್ಟು, ಇಳಿಯಲು ಶುರುವಾದ ಮೇಲೆ ಉಣ್ಣುವುದು ಒಳ್ಳೆಯದು. ಕರೆಕ್ಷನ್ ಕೊಡುವಾಗ ಪಂಪ್ ತೋರಿಸುವ ಆ್ಯಕ್ಟಿವ್ ಇನ್ಸುಲಿನ್ (ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು) ನೋಡದೆ ಒತ್ತಬೇಡಿ.

ಕಾಫಿತೋಟ, ಚಿಕ್ಕಮಗಳೂರು:

ಎಲ್ಲರಿಗೂ ಹೇಗಿದೆ ಎಂದು ತಿಳಿಸುತ್ತೇನೆ. ನಮ್ಮ ಡಾಕ್ಟರಿಗೆ ಈ ಚರ್ಚೆಯ ಮುಖ್ಯ ಅಂಶಗಳನ್ನು ಬರೆದು ತೋರಿಸಿದೆ. ಅವರು ಕೂತು ಸೆನ್ಸರ್ ವರದಿ ನೋಡಿ ಬದಲಾವಣೆ ಮಾಡಿಕೊಟ್ಟರು. ಈಗ ಮಧ್ಯಾಹ್ನಕ್ಕೆ ಶೇ 15 ಮೊದಲು, ಉಳಿದದ್ದು ನಾಲ್ಕು ಗಂಟೆಗೆ. ರಾತ್ರಿ ಏಳಕ್ಕೆ ತರಕಾರಿ ರುಬ್ಬಿದ ಸೂಪು, ಮೆತ್ತಗಿನ ಮೊಸರನ್ನ ಸ್ವಲ್ಪ, ಅದಕ್ಕೆ ಪೂರ್ತಿ ಸ್ಕ್ವೇರ್. ಬೇಸಲ್ ಅನ್ನು ಎಡಿಸನ್‌ನವರು ಹೇಳಿದ ರೀತಿಯಲ್ಲೇ ಪರೀಕ್ಷೆ ಮಾಡಿಸಿದರು. ನಿಜಕ್ಕೂ ನಡುರಾತ್ರಿಯ ಬೇಸಲ್ ಜಾಸ್ತಿ ಇತ್ತು, ಇಳಿಸಿದರು.

ಎರಡೂಕಾಲಿನ ಲೋ ಹೆಚ್ಚಿನ ದಿನ ಇಲ್ಲ. ಸಂಜೆ 290ರ ಬದಲು 190, 200 ಬರುತ್ತದೆ. ಅದಕ್ಕಿಂತ ಕೆಳಗೆ ಎಳೆಯಲು ಸದ್ಯ ಅವಸರ ಬೇಡ ಎಂದಿದ್ದಾರೆ, ಲೋ ತಪ್ಪಿಸುವುದೇ ಮೊದಲು ಅಂತೆ. ಕೆಟ್ಟ ದಿನಗಳು ಇನ್ನೂ ಇವೆ. ಹೋದ ವಾರ ನೆಂಟರ ಮನೆಯಲ್ಲಿ ಒಬ್ಬಟ್ಟು ಅರ್ಧ ತಿಂದೆ, ಮರುದಿನ ಬೆಳಗಿನ ತನಕ ಗ್ರಾಫ್ ಏರುತ್ತಲೇ ಇತ್ತು.

ಮಲಪ್ರಭಾ, ಹುಬ್ಬಳ್ಳಿ:

ಕೇಳಿ ಸಮಾಧಾನ ಆತು ಅಕ್ಕಾರೆ. ನಮ್ಮ ಮಗಳೂ ಕಾರ್ಬ್ ಎರಡು ಕಂತಿನಲ್ಲಿ ಹಾಕಲು ಶುರು ಮಾಡಿದ್ದಾಳೆ, ಮಧ್ಯಾಹ್ನದ ಲೋ ಕಡಿಮೆಯಾಗಿದೆ. ಡಾಕ್ಟರೇ, ಮುಂದಿನ ತಿಂಗಳು ಅವಳಿಗೆ ಪಿತ್ತಕೋಶದ ಆಪರೇಷನ್ ಇದೆ. ರಾತ್ರಿ ಹತ್ತರ ನಂತರ ಏನೂ ತಿನ್ನಬಾರದು ಎಂದಿದ್ದಾರೆ. ಅಷ್ಟು ಸಾಕೇ?

ಜನರಲ್ ವಾರ್ಡ್, ದಾವಣಗೆರೆ:

ಒಳ್ಳೆಯ ಹೊತ್ತಿಗೆ ಕೇಳಿದಿರಿ. ಮಾಮೂಲಿ ಹೊಟ್ಟೆಗೆ ಆ ಉಪವಾಸ ಸಾಕು, ಅವಳಿಗೆ ಸಾಲದೇ ಹೋಗಬಹುದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿ ಆಹಾರ ಉಳಿದಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸರ್ಜನ್‌ಗೆ ಹೇಳಿದ್ದೇವೆ ಎಂದು ಸುಮ್ಮನಾಗಬೇಡಿ. ಅರಿವಳಿಕೆ ಡಾಕ್ಟರನ್ನೇ ಮೊದಲು ಭೇಟಿ ಮಾಡಿ, ಗ್ಯಾಸ್ಟ್ರೋಪರೇಸಿಸ್ ಇದೆ ಎಂದು ಹೇಳಿ, ಸ್ಕ್ಯಾನ್ ವರದಿ ಕೈಗೆ ಕೊಡಿ. ಹಿಂದಿನ ದಿನ ಪೂರ್ತಿ ದ್ರವ ಆಹಾರದಲ್ಲಿರಲು ಅವರು ಹೇಳಬಹುದು. ಎಂಡೋಸ್ಕೋಪಿಗೂ ಇದೇ ಮಾತು. ಆ ದಿನ ಪಂಪ್ ಇಟ್ಟುಕೊಳ್ಳುವುದೋ, ತೆಗೆದು ಡ್ರಿಪ್‌ನಲ್ಲಿ ಇನ್ಸುಲಿನ್ ಕೊಡುವುದೋ ಎಂಬುದನ್ನೂ ಆಗಲೇ ಕೇಳಿ ಬರೆಸಿಕೊಳ್ಳಿ. ಪಂಪ್ ತೆಗೆದರೆ ಇನ್ಸುಲಿನ್ ಇಲ್ಲದೆ ಒಂದು ಗಂಟೆಗಿಂತ ಹೆಚ್ಚು ಇರಬಾರದು ಎಂದು ವಾರ್ಡಿನ ಸಿಸ್ಟರ್‌ಗೂ ತಿಳಿಸಿ. ಬದಲಿ ಇನ್ಫ್ಯೂಷನ್ ಸೆಟ್, ಸೆನ್ಸರ್, ಇನ್ಸುಲಿನ್ ಪೆನ್, ಕೀಟೋನ್ ಪಟ್ಟಿ, ಗ್ಲೂಕೋಸ್ ಪುಡಿ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.